ನನ್ನ ಮೊದಲ ನರಿ, ಮಾತಾಡದ ಮಾವ

ಬೇರೆಯವರಿಗೆ ವರ್ಷಕ್ಕೊಂದು ಫಜೀತಿ ಆದರೆ ನನಗೆ ವಾರಕ್ಕೊಂದು ಆಗುತ್ತೆ. ಇದರಲ್ಲಿ ನನ್ನ ತಪ್ಪೇನಿಲ್ಲ. ಧೈರ್ಯ ಇರೋ ಮನುಷ್ಯ ನಾಲ್ಕು ಕಡೆ ನುಗ್ಗುತ್ತಾನೆ, ನುಗ್ಗಿದವನಿಗೆ ಏನಾದರೊಂದು ಆಗೇ ಆಗುತ್ತೆ. ಮನೇಲಿ ಕೂತವನಿಗೆ ಏನಾಗುತ್ತೆ? ನೆಗಡಿ. ನಾನು ಮಂಡ್ಯ ಕಡೆ ಹಳ್ಳಿಯಲ್ಲಿ ಹುಟ್ಟಿ, ಹತ್ತು ವರ್ಷ ತುಂಬೋ ಮೊದಲೇ ಕಬ್ಬಿನ ಗದ್ದೆಯಿಂದ ಕಾಡುಹಂದಿ ಓಡಿಸಿದವನು. ಈಗ ಅಮೆರಿಕದ ಮಿಶಿಗನ್‌ನಲ್ಲಿ, ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಕಾರಿನ ಸೀಟು ಪರೀಕ್ಷೆ ಮಾಡೋ ಕೆಲಸ. ಒಂದು ಯಂತ್ರ ಬೆಳಗಿಂದ ಸಂಜೆವರೆಗೆ ಸೀಟಿನ ಮೇಲೆ ಕೂತು ಏಳುತ್ತಿರುತ್ತೆ. ಅದು ಸರಿಯಾಗಿ ಕೂರುತ್ತಾ ಅಂತ ನಾನು ನಿಂತುಕೊಂಡು ನೋಡುತ್ತಿರುತ್ತೇನೆ. ಇಂಥ ಕೆಲಸದಲ್ಲಿರೋ ಗಂಡಸಿಗೆ ಕಾಡು ನೆನಪಾಗದೆ ಇರುತ್ತಾ? ಹೋದ ನವೆಂಬರ್‌ನಲ್ಲಿ ಜಿಂಕೆ ಬೇಟೆಗೆ ಹೊರಟೆ. ಆಗ ಆದದ್ದನ್ನೆಲ್ಲ ನಮ್ಮವರು ಪಾರ್ಟಿಗಳಲ್ಲಿ ಬಾಯಿಗೆ ಬಂದ ಹಾಗೆ ಹೇಳಿಕೊಂಡು ನಗುತ್ತಾರೆ. ಅವರು ಹೇಳೋದಕ್ಕಿಂತ ನಾನೇ ಹೇಳಿಬಿಡೋದು ವಾಸಿ.

೧. ಇನ್ನೂರೆಂಬತ್ತು ಮೈಲಿ

ಮೊದಲು ನಮ್ಮ ಮಾವನವರ ವಿಷಯ. ಗುಂಡ್ಲುಪೇಟೆ ಕಡೆ ಕಾಡಿನಲ್ಲಿ ಮೂವತ್ತೆರಡು ವರ್ಷ ಫಾರೆಸ್ಟ್ ಗಾರ್ಡ್ ಆಗಿದ್ದು ರಿಟೈರ್ ಆದವರು. ಅತ್ತೆ ಬೇಗ ತೀರಿಹೋದ ಮೇಲೆ ಇದ್ದೊಬ್ಬಳು ಮಗಳಿಗೆ ತಾವೇ ಜಡೆ ಹೆಣೆದು ಸ್ಕೂಲಿಗೆ ಕಳಿಸಿದವರು. ಆ ಮಗಳು ಮೈಸೂರಿನಲ್ಲಿ ನರ್ಸಿಂಗ್ ಓದುವಾಗ ನನ್ನ ಕಣ್ಣಿಗೆ ಬಿದ್ದಳು. ನಾನೇ ಅವಳ ಕಣ್ಣಿಗೆ ಬಿದ್ದೆ ಅಂತ ಅವಳು ಹೇಳುತ್ತಾಳೆ. ಇರಲಿ. ಜಾತಿ ಬೇರೆ ಬೇರೆ. ಅವರು ಒಪ್ಪಲಿಲ್ಲ, ನಾವು ಕಾಯಲಿಲ್ಲ. ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆ ಆಯಿತು, ಮಾವ ಬರಲಿಲ್ಲ. ಆರು ತಿಂಗಳಿಗೆ ಮಗಳ ಜೊತೆ ಫೋನಿನಲ್ಲಿ ಮಾತು ಶುರುವಾಯಿತು. ನನ್ನ ಜೊತೆ ಮಾತ್ರ ಮೂರು ವರ್ಷ ಕಳೆದರೂ ಒಂದಕ್ಷರ ಇಲ್ಲ. ಬೈದಿದ್ದರೆ ಕೈ ಮುಗಿದು ಬೈಸಿಕೊಳ್ಳುತ್ತಿದ್ದೆ. ಬೈಯಲೂ ಇಲ್ಲ.

ಹೆಂಡತಿಯ ನರ್ಸ್ ಕೆಲಸದಿಂದಲೇ ನಮಗೆ ಗ್ರೀನ್ ಕಾರ್ಡ್ ಬಂದಿದ್ದು. ಬಂದ ವರ್ಷವೇ ಅಪ್ಪನಿಗೆ ವೀಸಾ ಮಾಡಿಸಿ ಆರು ತಿಂಗಳಿಗೆ ಅಂತ ಕರೆಸಿಕೊಂಡಳು. ಅವರು ಬರೋ ಹಿಂದಿನ ದಿನ ಪಲ್ಯಕ್ಕೆ ಬೀನ್ಸ್ ಮುರಿಯುತ್ತಾ, "ಅಪ್ಪ ಹೋಗೋದ್ರೊಳಗೆ ಒಂದೇ ಒಂದು ಸಲ ನಿನ್ನ ನೇರವಾಗಿ ಮಾತಾಡಿಸಿಬಿಟ್ರೆ ಸಾಕು ಕಣೋ. ನಂಗೆ ಇನ್ನೇನೂ ಬೇಡ," ಅಂದಳು. ಕಣ್ಣು ಬೀನ್ಸ್ ಮೇಲೇ ಇತ್ತು.

ಆರು ತಿಂಗಳು ಯಾಕೆ, ಒಂದು ವಾರ ಕೊಡು ಅಂದೆ ನಾನು. ನಾನು ಮಾತಾಡಿಸಿದರೆ ಕಲ್ಲೂ ಮಾತಾಡುತ್ತೆ ಅನ್ನೋದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು.

ಮಾವ ಶಿಕಾಗೋದಲ್ಲಿ ಇಳಿದರು. ಅಲ್ಲಿಂದ ನಮ್ಮ ಮನೆಗೆ ಇನ್ನೂರೆಂಬತ್ತು ಮೈಲಿ. ಹೆಂಡತಿ ಹಿಂದಿನ ದಿನ ಡಬಲ್ ಶಿಫ್ಟ್ ಮಾಡಿದ್ದಳು, ಹಿಂದಿನ ಸೀಟಿನಲ್ಲಿ ಒರಗಿದವಳು ನಿದ್ದೆ ಹೋದಳು. ಮುಂದೆ ನಾವಿಬ್ಬರೇ. ಮಾವ ಮೊಣಕಾಲ ಮೇಲೆ ಕೈ ಇಟ್ಟುಕೊಂಡು ಗಾಜಿನಾಚೆ ನೋಡುತ್ತಿದ್ದರು. ಪ್ರಯಾಣ ಚೆನ್ನಾಗಿತ್ತಾ ಮಾವ ಅಂದೆ, ಅವರು ಸೀಟ್ ಬೆಲ್ಟ್ ಸರಿಮಾಡಿಕೊಂಡರು. ನೂರು ಮೈಲಿ ದಾಟಿದ ಮೇಲೆ ಅತ್ತಿತ್ತ ಸರಿದಾಡಲು ಶುರುಮಾಡಿದರು. ಚಳಿ ಇರಬೇಕು ಅಂತ ಹೀಟರ್ ಜಾಸ್ತಿ ಮಾಡಿದೆ. ಇನ್ನೂ ಸರಿದಾಡಿದರು. ಕಮ್ಮಿ ಮಾಡಿದೆ. ಕೊನೆಗೆ ಹಿಂದಕ್ಕೆ ತಿರುಗಿ ಮಗಳ ಕಾಲು ಅಲುಗಾಡಿಸಿದರು.

"ಅವ್ವ, ಏಳವ್ವ. ಗಾಡಿ ಓಡಿಸ್ತಾವ್ರಲ್ಲ, ಅವರಿಗೆ ಎಲ್ಲಾದ್ರೂ ಒಸಿ ನಿಲ್ಸೋಕೆ ಹೇಳು."

ಅವಳು ಕಣ್ಣು ಬಿಡದೆ, "ರೀ, ನಿಲ್ಸಬೇಕಂತೆ," ಅಂದಳು. ಅವರಪ್ಪನ ಮುಂದೆ ಮಾತ್ರ ನಾನು 'ರೀ'. ಮುಂದಿನ ಎಕ್ಸಿಟ್ ಏಳು ಮೈಲಿ ಅಂತ ಹೇಳು ಅಂದೆ. ಏಳು ಮೈಲಿ ಅಂತೆ ಅಪ್ಪ ಅಂದಳು. ಒಂದು ಮೈಲಿಗೆ ಎಷ್ಟು ಕಿಲೋಮೀಟರು ಅಂತ ಕೇಳವ್ವ ಅಂದರು. ಒಂದೂವರೆಗಿಂತ ಸ್ವಲ್ಪ ಜಾಸ್ತಿ ಅಂತ ಹೇಳು ಅಂದೆ. ಮಾವ ಮನಸ್ಸಿನಲ್ಲೇ ಗುಣಿಸಿ ನೋಡಿ, "ಹಂಗಾದ್ರೆ ಆಗಕಿಲ್ಲ ಅಂತ ಹೇಳವ್ವ," ಅಂದರು.

ಮನೆಗೆ ಬಂದ ಮೇಲೂ ಇದೇ ಪದ್ಧತಿ. ಅವಳು ಡ್ಯೂಟಿಗೆ ಹೋದ ಒಂದು ದಿನ ನಾವಿಬ್ಬರೂ ಒಂದೇ ಸೋಫಾದ ಎರಡು ತುದಿಯಲ್ಲಿ ಕೂತಿದ್ದೆವು. ಮಾವ ಆಸ್ಪತ್ರೆಗೆ ಫೋನ್ ಮಾಡಿ ಏನೋ ಹೇಳಿ ಇಟ್ಟರು. ತಕ್ಷಣ ನನ್ನ ಜೇಬಿನಲ್ಲಿ ಫೋನು ಹೊಡಕೊಂಡಿತು. "ಟೀವಿ ಸೌಂಡ್ ಕಮ್ಮಿ ಮಾಡ್ಬೇಕಂತೆ," ಅಂದಳು. ಕಮ್ಮಿ ಮಾಡಿ, ಮಾಡಿದೆ ಅಂತ ಅವರಿಗೆ ಹೇಳಿಬಿಡು ಅಂದೆ.

"ಪೇಷೆಂಟ್ ಕಾಯ್ತಾವ್ರೆ ಕಣೋ. ಅದನ್ನ ಅವರೇ ಕೇಳಿಸ್ಕೊಳ್ತಾರೆ ಬಿಡು."

೨. ಕಾಲುಚೀಲದ ಪಕ್ಕ

ನಾನು ಹೇಳಿದ ಒಂದು ವಾರ ಹೋಗಿ ಎರಡು ತಿಂಗಳಾಯಿತು. ಆಗ ನನಗೆ ಹೊಳೆಯಿತು. ಈ ಮನುಷ್ಯನಿಗೆ ಗೊತ್ತಿರೋದು ಕಾಡು. ನಾನು ಕಾಡಿಗೆ ಇಳಿದರೆ ಇವರು ಬಾಯಿ ಬಿಡಲೇಬೇಕು. ಇಲ್ಲಿ ನವೆಂಬರ್ ಬಂದರೆ ಅರ್ಧ ಮಿಶಿಗನ್ ಜಿಂಕೆ ಬೇಟೆಗೆ ಹೊರಡುತ್ತೆ, ನಾನೂ ಹೊರಡೋದು ಅಂತ ತೀರ್ಮಾನ ಮಾಡಿದೆ. ಬದುಕಿಡೀ ಬೇಟೆಗಾರರನ್ನು ಹಿಡಿದ ಮನುಷ್ಯನನ್ನು ಒಲಿಸಿಕೊಳ್ಳಲು ನಾನೇ ಬೇಟೆಗಾರ ಆಗುತ್ತಿದ್ದೇನೆ ಅನ್ನೋ ವಿಷಯ ತಲೆಗೆ ಹೋಗಲಿಲ್ಲ. ಎಲ್ಲವೂ ತಲೆಗೆ ಹೋದರೆ ಯಾರೂ ಯಾವ ದೊಡ್ಡ ಕೆಲಸಕ್ಕೂ ಕೈ ಹಾಕಲ್ಲ.

ಹೊಸಬರು ಮೊದಲು ಬಂದೂಕಿನ ಸುರಕ್ಷತೆಯ ತರಗತಿಗೆ ಹೋಗಬೇಕು. ಹೋದೆ. ನನ್ನ ಸಹಪಾಠಿಗಳಲ್ಲಿ ಅರ್ಧಕ್ಕರ್ಧ ಹತ್ತು-ಹನ್ನೊಂದು ವರ್ಷದ ಮಕ್ಕಳು. ಪರೀಕ್ಷೆಯಲ್ಲಿ ನಾನು ಎರಡನೆಯವನಾಗಿ ಪಾಸಾದೆ, ಮೊದಲನೆಯವಳಿಗೆ ಇನ್ನೂ ಹಾಲುಹಲ್ಲು ಬೀಳುತ್ತಿತ್ತು. ಆದರೂ ಸರ್ಟಿಫಿಕೇಟನ್ನು ಊಟದ ಮೇಜಿನ ಮೇಲೆ ಮಾವನಿಗೆ ಕಾಣೋ ಹಾಗೆ ಇಟ್ಟೆ. ಮಾವ ಅದನ್ನು ತಿರುಗಿಸಿ, ಹಿಂದೆ ಏನೂ ಬರೆದಿಲ್ಲ ಅಂತ ಖಾತ್ರಿ ಮಾಡಿಕೊಂಡು, ಅದರ ಮೇಲೆ ಬಿಸಿ ಪಾತ್ರೆ ಇಟ್ಟರು.

ಲೈಸೆನ್ಸ್ ತರಲು ಅವರನ್ನೂ ಅಂಗಡಿಗೆ ಕರೆದುಕೊಂಡು ಹೋದೆ. ಹೆಂಡತಿ ಅವತ್ತೂ ಡ್ಯೂಟಿಯಲ್ಲಿ. ಅದು ಆಟದ ಸಾಮಾನಿನ ದೊಡ್ಡ ಅಂಗಡಿ: ಒಂದು ಕಡೆ ಚೆಂಡು, ಒಂದು ಕಡೆ ಟೆಂಟು, ಉಣ್ಣೆಯ ಕಾಲುಚೀಲದ ಪಕ್ಕದಲ್ಲೇ ಜಿಂಕೆ ಲೈಸೆನ್ಸಿನ ಕೌಂಟರು. ಹಿಂದಿನ ಗೋಡೆಗೆ ಬಂದೂಕುಗಳನ್ನ ನಮ್ಮ ಕಡೆ ಪಾತ್ರೆ ಅಂಗಡಿಯಲ್ಲಿ ಸೌಟು ನೇತುಹಾಕಿದ ಹಾಗೆ ಸಾಲಾಗಿ ನೇತುಹಾಕಿದ್ದರು. ಮಾವನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅಲ್ಲಿ ಬೆಲ್ಟೂ ಇಲ್ಲ, ಲಾಠಿಯೂ ಇಲ್ಲ, ಮಗಳು ಕೊಡಿಸಿದ ಸ್ವೆಟರ್ ಇತ್ತು.

ಕ್ಯೂ ಉದ್ದ ಇತ್ತು. ಕಾಡುಬಣ್ಣದ ಬಟ್ಟೆ ಹಾಕಿದ ದಢೂತಿ ಗಂಡಸರು, ಮಗು ಎತ್ತಿಕೊಂಡ ಒಬ್ಬ ಹೆಂಗಸು, ಕೋಲು ಊರಿಕೊಂಡ ಒಬ್ಬ ಮುದುಕ. ಕೌಂಟರಿನ ಹುಡುಗಿ ಚೂಯಿಂಗ್ ಗಮ್ ಅಗಿಯುತ್ತಾ ಒಬ್ಬೊಬ್ಬರಿಗೂ ಜಿಂಕೆ ಹೊಡೆಯೋ ಕಾಗದ ಹರಿದು ಹರಿದು ಕೊಡುತ್ತಿದ್ದಳು, ಹ್ಯಾವ್ ಫನ್ ಅಂತ ಹರಸುತ್ತಿದ್ದಳು. ಮಾವ ಸ್ವಲ್ಪ ಹೊತ್ತು ನೋಡಿ, ಕಾಲುಚೀಲದ ಸಾಲಿನ ಹಿಂದೆ ಹೋಗಿ ಮಗಳಿಗೆ ಫೋನ್ ಮಾಡಿದರು. ಸಣ್ಣ ದನಿಯಲ್ಲೇ ಹೇಳಿದರು, ಆದರೂ ನನಗೆ ಕೇಳಿಸಿತು.

"ಅವ್ವ, ಮೂವತ್ತೆರಡು ವರ್ಷ ಯಾರನ್ನ ಹುಡುಕಿದ್ನೋ ಅವರೆಲ್ಲ ಇಲ್ಲಿ ಸಾಲಾಗಿ ನಿಂತವ್ರೆ. ನಿಮ್ಮ ಯಜಮಾನರೂ ನಿಂತವ್ರೆ."

೩. ಹಿಕ್ಕೆ ಪಂಡಿತರು

ನಮ್ಮ ಫ್ಯಾಕ್ಟರಿಯಲ್ಲಿ ನಲವತ್ತು ವರ್ಷ ಕೆಲಸ ಮಾಡಿ ರಿಟೈರ್ ಆದ ಒಬ್ಬ ಟೂಲ್‌ಮೇಕರ್ ಇದ್ದಾರೆ. ಊರಿಂದ ಐವತ್ತು ಮೈಲಿ ಉತ್ತರಕ್ಕೆ ಅವರಿಗೆ ಜೋಳದ ಹೊಲ, ಅದರ ಹಿಂದೆ ಒಂದಷ್ಟು ಕಾಡು, ಮನೆ ಹಿಂದೆ ಕೋಳಿ, ನಾಲ್ಕು ಆಡು. ನಮ್ಮೂರಿನ ಬೇಟೆಯ ಕತೆ ಒಂದು ಲಂಚ್ ಪೂರ್ತಿ ಅವರಿಗೆ ಹೇಳಿದ್ದೆ. ಹಂದಿಯನ್ನು ತಗಡಿನ ಡಬ್ಬ ಬಡಿದು ಓಡಿಸಿದ್ದು ಅನ್ನೋ ಸಣ್ಣ ವಿವರ ಬಿಟ್ಟಿದ್ದೆ. ಅವರು ಖುಷಿಯಾಗಿ ನನ್ನ ಜಾಗದಲ್ಲೇ ಬೇಟೆ ಆಡು, ಬಂದೂಕೂ ನಾನೇ ಕೊಡ್ತೀನಿ ಅಂದರು. ಸೀಸನ್ ಶುರುವಾಗೋ ಮೊದಲು ಜಾಗ ನೋಡಿಕೊಂಡು ಬರಲು ಮಾವನನ್ನೂ ಕರೆದುಕೊಂಡು ಹೋದೆ. ಹೊಲ, ಕೋಳಿ, ಟ್ರ್ಯಾಕ್ಟರ್ ನೋಡಿದ ಮಾವ ಮಗಳಿಗೆ ಫೋನ್ ಮಾಡಿ, ಇವರು ಗೌಡ್ರು ಕಣವ್ವ ಅಂದರು. ಅವತ್ತಿಂದ ನಮ್ಮ ಮನೆಯಲ್ಲಿ ಅವರಿಗೆ ಗೌಡ್ರು ಅಂತಲೇ ಹೆಸರು.

ಗೌಡ್ರಿಗೆ ಕನ್ನಡ ಬರಲ್ಲ, ಮಾವನಿಗೆ ಇಂಗ್ಲಿಷು ಬರಲ್ಲ. ಹೊಲದ ಬದುವಿನಲ್ಲಿ ಜಿಂಕೆ ಹಿಕ್ಕೆ ಬಿದ್ದಿತ್ತು. ಮಾವ ಕೂತು, ಒಂದು ಹಿಕ್ಕೆ ಎತ್ತಿ, ಬೆರಳಲ್ಲಿ ಒಡೆದು, ಮೂಸಿ, ಎರಡು ಬೆರಳು ತೋರಿಸಿದರು. ಎರಡು ಗಂಟೆ ಹಿಂದಿನದು ಅಂತ. ಗೌಡ್ರೂ ಕೂತು, ಇನ್ನೊಂದು ಎತ್ತಿ ಒಡೆದು, ಮೂರು ಬೆರಳು ತೋರಿಸಿದರು. ಮಾವ ತಲೆ ಅಲ್ಲಾಡಿಸಿ, "ಒಳಗೆ ಇನ್ನೂ ಹಸಿ ಅದೆ ನೋಡಿ ಸ್ವಾಮಿ," ಅಂದರು. ಗೌಡ್ರು ಇಂಗ್ಲಿಷಿನಲ್ಲಿ ರಾತ್ರಿಯ ಮಂಜಿನ ಬಗ್ಗೆ ಏನೋ ವಾದಿಸಿದರು. ಮಾವ ಅದಕ್ಕೆ ಕನ್ನಡದಲ್ಲಿ ಉತ್ತರ ಕೊಟ್ಟರು. ನಲವತ್ತು ನಿಮಿಷ. ಮಧ್ಯೆ ಇಬ್ಬರೂ ಎರಡು ಸಲ ನಕ್ಕರು, ಒಂದು ಸಲ ತೊಡೆ ತಟ್ಟಿಕೊಂಡರು. ನಮ್ಮ ಮಾವನಿಗೆ ಇಷ್ಟೊಂದು ಹಲ್ಲಿದೆ ಅಂತ ನನಗೆ ಗೊತ್ತಾಗಿದ್ದೇ ಆವತ್ತು.

ನನಗೆ ಹೊಟ್ಟೆಕಿಚ್ಚಾಯಿತು. ನಾನೇನು ಕಮ್ಮಿಯವನಾ? ಪಕ್ಕದಲ್ಲೇ ಬಿದ್ದಿದ್ದ ಒಂದು ಹಿಕ್ಕೆ ಎತ್ತಿ, ಚೆನ್ನಾಗಿ ಮೂಸಿ, ಇದು ದೊಡ್ಡ ಗಂಡು ಜಿಂಕೆಯದು, ಕೊಂಬು ಎಂಟು ಕವಲಾದರೂ ಇರಬೇಕು ಅಂತ ಎರಡೂ ಭಾಷೆಯಲ್ಲಿ ಸಾರಿದೆ. ಇಬ್ಬರೂ ನನ್ನ ಕೈ ನೋಡಿದರು. ಆಮೇಲೆ ಇಬ್ಬರೂ ಒಟ್ಟಿಗೆ ಗೌಡ್ರ ಆಡುಗಳ ಕಡೆ ನೋಡಿದರು.

ಹೊರಡುವಾಗ ಗೌಡ್ರು ನನ್ನನ್ನು ಪಕ್ಕಕ್ಕೆ ಕರೆದು ಬೆನ್ನು ತಟ್ಟಿ, ನೀನು ಪುಣ್ಯವಂತ, ಇಷ್ಟು ಚೆನ್ನಾಗಿ ಮಾತಾಡೋ ಮಾವ ನನಗೆ ಸಿಗಲಿಲ್ಲ ಅಂದರು.

೪. ಜಾಕೆಟ್

ಸೀಸನ್ ಶುರುವಾದ ದಿನ ಒಬ್ಬನೇ ಹೋದೆ. ಮಾವ ಬರ್ತೀನಿ ಅನ್ನಲಿಲ್ಲ, ಕರೆಯೋ ಧೈರ್ಯ ನನಗೂ ಆಗಲಿಲ್ಲ. ಗಾಳಿ ಮುಖಕ್ಕೆ ಬರೋ ಹಾಗೆ ಮರಕ್ಕೆ ಒರಗಿ, ಬೇರೆ ಬೇಟೆಗಾರರ ಕಣ್ಣಿಗೆ ಬೀಳಲಿ ಅಂತ ಹಾಕಲೇಬೇಕಾದ ಕಿತ್ತಳೆ ಜಾಕೆಟ್ ಹಾಕಿಕೊಂಡು ಅಲ್ಲಾಡದೆ ಕೂತೆ. ಎಂಟು ಗಂಟೆಗೆ ಒಂದು ಜಿಂಕೆ ಬಂತು. ಇನ್ನೇನು ಬಂದೂಕು ಎತ್ತಬೇಕು, ಗಾಳಿ ತಿರುಗಿತು. ಜಿಂಕೆ ಮೂಗು ಮೇಲೆತ್ತಿತು. ಅಡುಗೆ ಏನು ಅಂತ ಬೀದಿಯಲ್ಲೇ ಕಂಡುಹಿಡಿಯೋ ನೆಂಟರ ಹಾಗೆ ಎರಡು ಸಲ ಉಸಿರೆಳೆದುಕೊಂಡು, ನನ್ನ ಮುಖ ನೋಡಿ, ಬಾಲ ಎತ್ತಿ ಹೊರಟುಹೋಯಿತು.

ಸಂಜೆ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ಗೆಳೆಯನ ಮನೆಯಲ್ಲಿ ಊಟ ಇತ್ತು, ಕಾಡಿನಿಂದ ನೇರ ಅಲ್ಲಿಗೇ ಡ್ರೈವ್ ಮಾಡಿದೆ. ಬೇಟೆಗಾರ ಬಂದ ಅಂತ ಎಲ್ಲರೂ ಎದ್ದು ನಿಂತರು. ನಾನು ಗಾಳಿಯ ಮೇಲೆ ತಪ್ಪು ಹೊರಿಸುತ್ತಾ ವಿವರಿಸುತ್ತಿದ್ದೆ. ಗೆಳೆಯನ ಏಳು ವರ್ಷದ ಮಗಳು ನನ್ನ ತೋಳಿಗೆ ಮೂಗು ತಾಗಿಸಿ, ಅಂಕಲ್ ಹತ್ತಿರ ಲಂಚ್ ವಾಸನೆ ಬರುತ್ತೆ ಅಂತ ಇಂಗ್ಲಿಷಿನಲ್ಲಿ ಘೋಷಣೆ ಮಾಡಿದಳು.

ಆಗ ಬುದ್ಧಿಗೆ ಹೊಳೆಯಿತು. ಚಳಿಗಾಲ ಬಂತು ಅಂದರೆ ಇಲ್ಲಿ ಕಿಟಕಿ ತೆಗೆಯೋ ಹಾಗಿಲ್ಲ. ಅದಕ್ಕೆ ನಮ್ಮವರು ಗರಾಜಿನಲ್ಲಿ ಇನ್ನೊಂದು ಒಲೆ ಇಟ್ಟುಕೊಂಡು, ಕರಿಯೋದು ಹುರಿಯೋದು ಒಗ್ಗರಣೆ ಎಲ್ಲ ಅಲ್ಲೇ ಮಾಡುತ್ತಾರೆ. ನಮ್ಮಲ್ಲೂ ಹಾಗೇ. ಆ ಒಲೆಯ ನೆತ್ತಿಯ ಮೇಲಿನ ಮೊಳೆಗೆ ನನ್ನ ಜಾಕೆಟ್ ಹದಿನೈದು ದಿನ ನೇತಾಡಿತ್ತು. ಬೆಳ್ಳುಳ್ಳಿ, ಇಂಗು, ಎರಡು ಸಲ ಹುರಿದ ಒಣಮೀನು, ಎಲ್ಲವನ್ನೂ ಕುಡಿದು ಕೂತಿತ್ತು.

ಮನೆಗೆ ಬಂದಾಗ ಮಾವ ಜಾಕೆಟ್ ಮೂಸಿದರು. ಮಗಳ ಕಡೆ ತಿರುಗಿ, "ಈ ವಾಸ್ನೆಗೆ ಜಿಂಕೆ ಬರಕಿಲ್ಲ ಕಣವ್ವ. ಎಲೆ ಹಾಕ್ಕೊಂಡು ಜನ ಬಂದು ಕೂತ್ಕೋತಾರೆ," ಅಂದರು. ಹೆಂಡತಿ ನಗು ತಡೆಯಲಾರದೆ ನೆಲದ ಮೇಲೆ ಕೂತಳು.

ಆದರೆ ಬೆಳಗ್ಗೆ ಎದ್ದು ನೋಡಿದರೆ ಜಾಕೆಟ್ ಮೊಳೆ ಮೇಲೆ ಇಲ್ಲ. ಮಾವ ಅದನ್ನು ಹಿತ್ತಲಿಗೆ ಒಯ್ದು, ಒಣಗಿದ ಎಲೆ, ಮಣ್ಣು ಹಾಕಿ ತಿಕ್ಕಿ, ಏಣಿ ಇಟ್ಟು ಮೇಪಲ್ ಮರದ ಎತ್ತರದ ಕೊಂಬೆಗೆ ಗಾಳಿಗೆ ಹಾಕಿದ್ದರು. ಅರವತ್ತು ದಾಟಿದ ಮನುಷ್ಯ, ಆ ಚಳಿಯಲ್ಲಿ, ಏಣಿ ಹತ್ತಿ. ನನಗೆ ಒಂದು ಮಾತೂ ಹೇಳಲಿಲ್ಲ. ಕಾಫಿ ಕುಡಿಯುತ್ತಾ ಮಗಳಿಗೆ ಮಾತ್ರ, ಬರೋ ಶನಿವಾರ ನಾನೂ ಹೋಗ್ತೀನಿ ಅಂತ ಹೇಳವ್ವ ಅಂದರು. ನಾನು ಟೋಸ್ಟಿಗೆ ಎರಡನೇ ಸಲ ಬೆಣ್ಣೆ ಸವರುತ್ತಾ ಕೂತೆ.

ಮೂರನೇ ದಿನ ಪಕ್ಕದ ಮನೆಯ ವಯಸ್ಸಾದ ಹೆಂಗಸು ಬಾಗಿಲು ತಟ್ಟಿದಳು. ನಿಮ್ಮ ಮರದ ಮೇಲೆ ಒಬ್ಬ ಮನುಷ್ಯ ಎರಡು ದಿನದಿಂದ ಕೂತಿದ್ದಾನೆ, ಕೂಗಿದರೆ ಕೈ ಬೀಸುತ್ತಾನೆ ವಿನಾ ಇಳಿಯುತ್ತಿಲ್ಲ, ಅವನಿಗೆ ಸೂಪ್ ತಂದಿದ್ದೇನೆ ಅಂದಳು.

೫. ನರಿ

ಶನಿವಾರ ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಇಪ್ಪತ್ತೆರಡು ಡಿಗ್ರಿ, ನಮ್ಮೂರಿನ ಲೆಕ್ಕದಲ್ಲಿ ಸೊನ್ನೆಗಿಂತ ಐದಾರು ಡಿಗ್ರಿ ಕೆಳಗಿನ ಚಳಿ. ಮಾವ ಮಂಕಿ ಕ್ಯಾಪಿನ ಮೇಲೆ ಕಿತ್ತಳೆ ಟೋಪಿ, ಸ್ವೆಟರಿನ ಮೇಲೆ ಕಿತ್ತಳೆ ಅಂಗಿ. ಬೆಳಕು ಹರಿಯೋ ಹೊತ್ತಿಗೆ ಗೌಡ್ರ ಹೊಲದಲ್ಲಿ ಇದ್ದೆವು. ಗೌಡ್ರು ಬಂದೂಕು ಕೊಡುತ್ತಾ, ಒಂದು ನರಿ ನನ್ನ ಕೋಳಿಗಳನ್ನ ಒಂದೊಂದಾಗಿ ಮುಗಿಸ್ತಾ ಇದೆ, ಕಂಡರೆ ಅದಕ್ಕೊಂದು ಗುಂಡು ಇಡು ಅಂದರು. ಗುಂಡೇನು, ಚರ್ಮವನ್ನೇ ತಂದು ಕೊಡ್ತೀನಿ ಅಂದೆ.

ಇವತ್ತು ಕೂತು ಕಾಯೋದಿಲ್ಲ, ಹೆಜ್ಜೆ ಹಿಡಿದು ಹೋಗೋದು ಅಂತ ಮಾವ ಕೈಸನ್ನೆಯಲ್ಲೇ ತೀರ್ಮಾನಿಸಿದರು. ಅವರು ಮುಂದೆ, ನಾನು ಹಿಂದೆ. ಹಿಮ್ಮಡಿ ಊರದೆ ಹೆಜ್ಜೆ ಇಡುತ್ತಿದ್ದರು, ಒಂದು ಎಲೆ ಸದ್ದು ಮಾಡಲಿಲ್ಲ. ಸದ್ದೆಲ್ಲ ನನ್ನದು. ಬೇಟೆಯಲ್ಲಿ ಮಾತಾಡಬಾರದು ಅನ್ನೋ ನಿಯಮ ನಮ್ಮಿಬ್ಬರಿಗೆ ಹೇಳಿ ಮಾಡಿಸಿದ ಹಾಗಿತ್ತು. ಮೂರು ವರ್ಷದಲ್ಲಿ ಮೊದಲ ಸಲ ಆ ಮೌನ ನನ್ನ ಎದೆಗೆ ಚುಚ್ಚಲಿಲ್ಲ. ಒಂದು ಕಡೆ ಮಾವ ಬಗ್ಗಿ ಮುಳ್ಳಿನ ಕೊಂಬೆಯನ್ನು ಪಕ್ಕಕ್ಕೆ ಹಿಡಿದು, ನಾನು ದಾಟೋವರೆಗೂ ಹಿಡಿದೇ ನಿಂತಿದ್ದರು.

ಕಾಡು ಮುಗಿದು ಹುಲ್ಲು ಶುರುವಾಗೋ ಕಡೆ ಅದು ಕಂಡಿತು. ನರಿ. ನಮ್ಮೂರಿನ ನರಿ ನಾಯಿಬಣ್ಣದ್ದು, ಬಡಕಲು. ಇದು ಕೆಂಡದ ಹಾಗೆ ಕೆಂಪು, ಕಾಲಿಗೆ ಕಪ್ಪು, ಬಾಲದ ತುದಿಗೆ ಸುಣ್ಣದಲ್ಲಿ ಅದ್ದಿದ ಹಾಗೆ ಬಿಳಿ. ನಲವತ್ತು ಗಜ ದೂರದಲ್ಲಿ ಕಿವಿ ನಿಮಿರಿಸಿ ಹುಲ್ಲಿನೊಳಗೆ ಏನನ್ನೋ ಕೇಳುತ್ತಿತ್ತು. ಹಾಗೇ ಗಾಳಿಯಲ್ಲಿ ನೆಗೆದು, ಕಮಾನಿನ ಹಾಗೆ ಬಾಗಿ, ಮೂಗು ಮುಂದಾಗಿ ಹುಲ್ಲಿಗೆ ಧುಮುಕಿತು. ಬಾಲ ಮಾತ್ರ ಹೊರಗೆ.

ಜಿಂಕೆ ಮರೆತೇಹೋಯಿತು. ಬಂದೂಕು ಭುಜಕ್ಕೆ ಬಂತು. ಮೊದಲನೇ ವರ್ಷವೇ ನರಿ ಹೊಡೆದವನು ಅಂತ ಫ್ಯಾಕ್ಟರಿಯಲ್ಲಿ ಹೇಗೆ ಹೇಳಬೇಕು, ಫೋಟೋದಲ್ಲಿ ಯಾವ ಕಾಲು ಮುಂದಿಡಬೇಕು ಅನ್ನೋದೂ ತಲೆಯಲ್ಲಿ ತಯಾರಾಯಿತು.

ಹಿಂದಿನಿಂದ ಒಂದು ಕೈ ಬಂದು ನನ್ನ ಕಾಲರ್ ಹಿಡಿಯಿತು.

"ಏಯ್. ಬಂದೂಕು ಕೆಳಗಿಡು."

ನಾನು ಆ ಕಡೆ ಈ ಕಡೆ ನೋಡಿದೆ. ಬೇರೆ ಯಾರೂ ಇರಲಿಲ್ಲ. ಮಾತು ನನಗೇ. ತೋಟಾ ತೆಗೆದು ಬಂದೂಕು ನೆಲದ ಮೇಲಿಟ್ಟೆ.

"ಕೂತ್ಕೋ."

ಕೂತೆ. ಹುಲ್ಲಿನ ಮೇಲಿನ ಮಂಜು ಪ್ಯಾಂಟಿನೊಳಗೆ ಇಳಿಯಿತು. ಮಾವ ನನ್ನೆದುರು ಕಾಲು ಅಗಲಿಸಿ ನಿಂತಿದ್ದರು. ಅವರು ಮಿಶಿಗನ್‌ನಲ್ಲಿ ಇರಲಿಲ್ಲ, ಗುಂಡ್ಲುಪೇಟೆ ಕಾಡಿನ ತಮ್ಮ ರೇಂಜಿನಲ್ಲಿ ಇದ್ದರು.

"ಲೈಸೆನ್ಸ್ ತೆಗಿ. ಇದು ಯಾವ ಪ್ರಾಣಿಗೆ?"

"ಜಿಂಕೆಗೆ ಮಾವ."

"ಅಲ್ಲಿರೋದು?"

ನರಿ ಬಾಯಲ್ಲಿ ಇಲಿ ಕಚ್ಚಿಕೊಂಡು, ತಲೆ ಓರೆ ಮಾಡಿ ನಮ್ಮಿಬ್ಬರನ್ನೇ ನೋಡುತ್ತಿತ್ತು. ನರಿ ಅಂದೆ. ನರಿಗೆ ಬೇರೆ ಕಾಗದ ಬೇಕು, ತಗೊಂಡಿದ್ದೀಯಾ ಅಂದರು. ನಾನು ತಗೊಂಡಿರಲಿಲ್ಲ, ಬೇಕು ಅಂತಲೂ ಗೊತ್ತಿರಲಿಲ್ಲ. ಕೌಂಟರಿನ ಹುಡುಗಿ ಪುಕ್ಕಟೆ ಕೊಟ್ಟ ನಿಯಮದ ಪುಸ್ತಕವನ್ನು ನಾನು ಕಾರಿನಲ್ಲೇ ಎಸೆದಿದ್ದೆ. ಮಾವ ಅದನ್ನು ತಂದು, ದಿನಾ ಊಟ ಆದಮೇಲೆ ಮಗಳ ಕೈಲಿ ಒಂದೊಂದು ಪುಟ ಕನ್ನಡದಲ್ಲಿ ಹೇಳಿಸಿಕೊಂಡು ಮುಗಿಸಿದ್ದರಂತೆ. ಇವರು ಎಲ್ಲಾದ್ರೂ ತಪ್ಪು ಮಾಡಿ ಸಿಕ್ಕಿಬಿದ್ರೆ ನಿನ್ನ ಗತಿ ಏನವ್ವ ಅಂತ ಅವಳಿಗೆ ಹೇಳಿದ್ದರಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು.

ಮಾವ ಒಳಜೇಬಿನಿಂದ ಒಂದು ಸಣ್ಣ ನೋಟ್‌ಬುಕ್ಕು, ಪೆನ್ನು ತೆಗೆದರು. ಬೆರಳು ಚಳಿಗೆ ಸೆಟೆದುಹೋಗಿತ್ತು, ಬರೆಯಲಾಗಲಿಲ್ಲ. ನನ್ನ ಕೈಗೇ ಕೊಟ್ಟು, ಮಹಜರು ಬರಿ, ನಾನು ಹೇಳ್ತೀನಿ ಅಂದರು. ಆರೋಪಿಯೇ ತನ್ನ ಮಹಜರು ಬರೆದುಕೊಂಡಿದ್ದು ಇಡೀ ಇಲಾಖೆಯ ಚರಿತ್ರೆಯಲ್ಲಿ ನಾನೊಬ್ಬನೇ ಇರಬೇಕು. ಸ್ಥಳದ ಚೆಕ್ಕುಬಂದಿ ಕೇಳಿದರು. ಪೂರ್ವಕ್ಕೆ ಗೌಡ್ರ ಜೋಳದ ಹೊಲ, ಪಶ್ಚಿಮಕ್ಕೆ ಹಳ್ಳ, ದಕ್ಷಿಣಕ್ಕೆ ಆಡಿನ ಕೊಟ್ಟಿಗೆ ಅಂತ ಬರೆದೆ. ಉತ್ತರಕ್ಕೆ ಏನಿದೆ ಗೊತ್ತಾಗಲಿಲ್ಲ, ಕೆನಡಾ ಅಂತ ಬರೆದೆ. 'ಸದರಿ ಆರೋಪಿಯು ಸದರಿ ನರಿಯ ಮೇಲೆ ಗುರಿಯಿಟ್ಟಿದ್ದು' ಅಂತ ಹೇಳಿ ಬರೆಸಿದರು. ಸದರಿ ನರಿ ಅಷ್ಟರಲ್ಲಿ ಇಲಿ ನುಂಗಿ, ಬಾಯಿ ನೆಕ್ಕಿ, ಅವಸರವಿಲ್ಲದೆ ಕಾಡಿ‌ನೊಳಗೆ ನಡೆದುಹೋಗಿತ್ತು.

"ಆರೋಪಿ ಹೆಸರು?"

ಹೇಳಿದೆ. ಮೂರು ವರ್ಷದಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು.

"ತಂದೆ ಹೆಸರು?"

ಹೇಳಿದೆ.

"ಏನ್ ಮಾಡ್ತಾರೆ?"

"ಆಲೆಮನೆ ಅದೆ. ಬೆಲ್ಲ ತೆಗೀತಾರೆ."

ಮಾವ ಹುಬ್ಬು ಏರಿಸಿದರು. "ಅಚ್ಚು ಬೆಲ್ಲವಾ, ಉಂಡೆಯಾ?"

"ಅಚ್ಚು."

"ಈ ವರ್ಷ ಬೆಲ್ಲ ಚೆನ್ನಾಗಿ ಕಟ್ತಾ?"

ಚೆನ್ನಾಗಿ ಕಟ್ಟಿತು ಅಂದೆ. ಬರೆದುಕೊಳ್ಳಬೇಕಾ ಅಂತ ಪೆನ್ನು ಎತ್ತಿದೆ. ಬೇಡ ಅಂತ ಕೈ ಆಡಿಸಿದರು. ತಾಯಿ ಹೇಗಿದ್ದಾರೆ ಅಂದರು. ಮೊಣಕಾಲು ನೋವು ಅಂದೆ. ಯಾವ ಕಾಲು ಅಂದರು. ಎಡಗಾಲು ಅಂದೆ. ನನಗೂ ಎಡಗಾಲೇ ಅಂದು, ನನ್ನ ಪಕ್ಕದಲ್ಲಿ, ಅದೇ ಒದ್ದೆ ಹುಲ್ಲಿನ ಮೇಲೆ, ನಿಧಾನವಾಗಿ ಕೂತರು.

ಗುಂಡಿನ ಸದ್ದೂ ಇಲ್ಲ, ಮನುಷ್ಯರ ಸುಳಿವೂ ಇಲ್ಲ ಅಂತ ಗೌಡ್ರು ಟ್ರ್ಯಾಕ್ಟರ್ ಹತ್ತಿಕೊಂಡು ಹುಡುಕುತ್ತಾ ಬಂದರು. ಏನು ಮಾಡುತ್ತಿದ್ದೀರಿ ಅಂದರು. ನನ್ನನ್ನ ಅರೆಸ್ಟ್ ಮಾಡಿದ್ದಾರೆ ಅಂದೆ. ಯಾಕೆ ಅಂತ ಹೇಳಿದ ಮೇಲೆ ನನ್ನ ಲೈಸೆನ್ಸ್ ಇಸಕೊಂಡು, ಕನ್ನಡಕ ಏರಿಸಿ ನೋಡಿ, ನಿನ್ನ ಮಾವ ಹೇಳಿದ್ದೇ ಸರಿ, ನಾನೂ ಕೇಳದೆ ಹೇಳಿಬಿಟ್ಟೆ ಅಂತ ಟೋಪಿ ತೆಗೆದರು. ಮಾವ ಅವರಿಗೆ ಪೆನ್ನು ಕೊಟ್ಟು ಸಾಕ್ಷಿ ಸಹಿ ಹಾಕುವ ಜಾಗ ತೋರಿಸಿದರು. ಗೌಡ್ರು ಒಂದಕ್ಷರ ಅರ್ಥವಾಗದ ಕಾಗದಕ್ಕೆ ಬಹಳ ಗೌರವದಿಂದ ಸಹಿ ಹಾಕಿದರು.

ಮುಗಿಯಿತು ಅಂತ ಏಳಲು ಹೋದೆ. ಮಾವ ಮೊಣಕೈ ಹಿಡಿದು ಕೂರಿಸಿದರು.

"ಇನ್ನೊಂದು ಅದೆ. ಆರೋಪಿಗೆ ಮದುವೆ ಆಗ್ಯದಾ?"

"ಆಗಿದೆ."

"ಹೆಣ್ಣು ಕೊಟ್ಟವರು ಯಾರು?"

ನನ್ನ ಬಾಯಿ, ಇಡೀ ಊರಿಗೆ ಗೊತ್ತಿರೋ ನನ್ನ ಬಾಯಿ, ಕಟ್ಟಿಹೋಯಿತು. ಕೊನೆಗೆ, "ಯಾರೂ ಕೊಡ್ಲಿಲ್ಲ ಮಾವ. ನಾವೇ ಆದ್ವಿ," ಅಂದೆ.

ಮಾವ ನರಿ ಹೋದ ಕಡೆ ನೋಡಿದರು. ಮಂಕಿ ಕ್ಯಾಪನ್ನು ಕಣ್ಣಿನವರೆಗೆ ಎಳೆದುಕೊಂಡರು, ಚಳಿಗೋ ಏನೋ.

"ಹಂಗೆ ಬರೀಬೇಡ," ಅಂದರು. "ನಾನೇ ಕೊಟ್ಟೆ ಅಂತ ಬರಿ."

ಬರೆದೆ. ಅಕ್ಷರ ಅಂಕುಡೊಂಕಾಯಿತು, ಚಳಿಗೆ. ಮಾವ ಪೆನ್ನು ಇಸಕೊಂಡು, ಬಾಯಿಂದ ಬಿಸಿ ಗಾಳಿ ಊದಿ ಬೆರಳು ಸರಿಮಾಡಿಕೊಂಡು, ಕೆಳಗೆ ಪೂರ್ತಿ ಹೆಸರು, ಹುದ್ದೆ, ಬ್ರಾಕೆಟ್ಟಿನಲ್ಲಿ ನಿವೃತ್ತ ಅಂತ ಬರೆದು ಸಹಿ ಹಾಕಿದರು. ಆಮೇಲೆ ನೋಟ್‌ಬುಕ್ಕು ವಾಪಸ್ಸು ನನ್ನ ಕೈಗಿಟ್ಟು, ಇಲಾಖೆಯ ಗತ್ತಿನಲ್ಲೇ ಕೊನೆಯ ಸಾಲು ಬರೆಸಿದರು:

'ಆರೋಪಿಗೆ ಬುದ್ಧಿ ಹೇಳಿ, ಮಗಳ ವಶಕ್ಕೆ ಒಪ್ಪಿಸಲಾಗಿದೆ. ಬಿಡುಗಡೆ ಇಲ್ಲ.'